ಮರಳು ತೆಗೆದು ಹಂಚು ಇಟ್ಟ ಕೇಕು

ಮೊರದಲ್ಲಿ ರಾಗಿ ಕೇರುತ್ತಿದ್ದೆ. ಗಿರಣಿಗೆ ಕಳಿಸಬೇಕಾಗಿದ್ದ ರಾಗಿ, ಕಲ್ಲು ಜಾಸ್ತಿ ಇತ್ತು. ಎರಡೂವರೆ ವರ್ಷದ ಮಗ ಖಾಲಿಯಾದ ರಾಗಿ ಡಬ್ಬದೊಳಗೆ ಕೂತು ಅದನ್ನೇ ರೈಲು ಮಾಡಿಕೊಂಡು “ಬಂಗಾರಪೇಟೆ, ಬಂಗಾರಪೇಟೆ” ಅಂತ ಕೂಗುತ್ತಿದ್ದ. ಕಿಟಕಿಯ ಮೇಲಿಟ್ಟಿದ್ದ ಫೋನು ಗುಂಯ್ ಅಂದಿತು. ಒಂದು ಕೈಯಲ್ಲಿ ಮೊರ ಹಿಡಿದುಕೊಂಡೇ ನೋಡಿದೆ.

ಬೆಂಗಳೂರಿನಲ್ಲಿ ಸಿರಿಧಾನ್ಯದ ಹಿಟ್ಟು ಮಾರುವ ಒಂದು ಕಂಪನಿಯವರು ಬರೆದಿದ್ದರು. ನನ್ನ ಬ್ಲಾಗಿನಲ್ಲಿ ಮರಳಿನ ಮೇಲೆ ಬೇಯಿಸಿದ ರಾಗಿ ಕೇಕನ್ನು ನೋಡಿದ್ದಾರೆ. ಓವನ್ನೂ ಇಲ್ಲ, ಮೊಟ್ಟೆಯೂ ಇಲ್ಲ, ಅದು ಅವರಿಗೆ ಹಿಡಿಸಿದೆ. ಮುಂದಿನ ವಾರದ ಗುರುವಾರ ಮನೆಗೇ ಬಂದು ವಿಡಿಯೋ ಮಾಡುತ್ತಾರೆ. ಅದು ಚೆನ್ನಾಗಿ ಬಂದರೆ ತಿಂಗಳಿಗೊಂದು ಅಡುಗೆಯಂತೆ ಒಂದು ವರ್ಷ ನನ್ನಿಂದಲೇ ಮಾಡಿಸುತ್ತಾರೆ.

ನಾನು ನಿಂತಲ್ಲೇ ನಿಂತಿದ್ದೆ. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು.

“ಏನಮ್ಮಾ, ಅಂಗ್ ನಿಂತ್ಬಿಟ್ಟೆ? ಯಾರಾದ್ರೂ ಓಗ್ಬಿಟ್ರಾ?”

“ಯಾರೂ ಓಗ್ಲಿಲ್ಲ ಅತ್ತೆ. ನಮ್ಮನೆಗೆ ಬತ್ತಾರಂತೆ. ಕೇಕ್ ಮಾಡೋದನ್ನ ವಿಡಿಯೋ ತೆಗೆಯೋಕೆ.”

“ಬೆಂಗ್ಳೂರಾಗೆ ಬೇಕ್ರಿ ಇಲ್ವಂತಾ?” ಅಂದರು ಅತ್ತೆ. ಸೊಪ್ಪಿನ ಕಡ್ಡಿ ಮುರಿದು ಪಕ್ಕಕ್ಕೆ ಹಾಕಿ, “ಆ ರಾಗಿ ಮುಗಿಸು ಮೊದ್ಲು. ಗಿರಣಿ ಬಾಗ್ಲಾಕ್ತಾನೆ” ಅಂದರು.

ನಮ್ಮತ್ತೆ ಕೆಟ್ಟವರಲ್ಲ. ಅವರ ಲೆಕ್ಕದಲ್ಲಿ ಹಾಲು ಕರೆಯುವುದು ಕೆಲಸ, ಮುದ್ದೆ ತಿರುವುವುದು ಕೆಲಸ, ಕೊಟ್ಟಿಗೆ ಬಳಿಯುವುದು ಕೆಲಸ. ನಾನು ಬ್ಲಾಗು ಬರೆಯುವುದು ಮಾತ್ರ ‘ಫೋನ್ ಉಜ್ಜೋದು’. ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ, “ಒಳಗವ್ಳೆ, ಫೋನ್ ಉಜ್ತಾವ್ಳೆ” ಅನ್ನುತ್ತಿದ್ದರು. ನನಗೆ ನೋವಾಗುತ್ತಿರಲಿಲ್ಲ ಅಂದರೆ ಸುಳ್ಳು. ಹಾಗಾಗಿ ಆ ದಿನ ಬಂದ ಸಂದೇಶದಲ್ಲಿ ನನಗೆ ಕಂಡದ್ದು ಇಷ್ಟೇ: ಹೊರಗಿನ ಒಬ್ಬರು, ಮುಖ ಪರಿಚಯವೂ ಇಲ್ಲದವರು, ನಾನು ಮಾಡುವುದನ್ನು ಕೆಲಸ ಅಂದಿದ್ದಾರೆ. ದೇವರ ಮುಂದೆ ನಿಂತು ಕೇಳಿಕೊಂಡದ್ದೂ ಅಷ್ಟನ್ನೇ. ಈ ಒಂದು ಕೈಗೆ ಹತ್ತಲಿ, ತಂದೆ.

ನಾನು ಬರೆಯುವ ರೀತಿ ಹೇಳಿದರೆ ನಗುತ್ತೀರಿ. ಮಗಳು ಯುಕೆಜಿಗೆ ಹೋದಮೇಲೆ, ಮಗ ಮಧ್ಯಾಹ್ನ ಮಲಗಿದಮೇಲೆ ಸಿಗುವ ಹೊತ್ತೇ ನನ್ನ ಆಫೀಸು. ಫೋನಿಗೆ ಬಾಯಲ್ಲಿ ಹೇಳಿ ಅಕ್ಷರ ಮಾಡಿಸುತ್ತೇನೆ. ಕೈಯಲ್ಲಿ ಹಿಟ್ಟಿರುತ್ತದಲ್ಲ. ನಡುವೆ ಹಸು ಕೂಗಿದರೆ ಅದೂ ಒಂದು ಪದವಾಗಿ ಬಂದು ಕೂರುತ್ತದೆ, ಆಮೇಲೆ ಅಳಿಸಬೇಕು. ಪೂರ್ವದ ಕಿಟಕಿಯ ಕೆಳಗೆ ಸ್ಟೀಲ್ ತಟ್ಟೆ ಇಟ್ಟರೆ ಬೆಳಗಿನ ಬಿಸಿಲಲ್ಲಿ ಫೋಟೋ ಚೆನ್ನಾಗಿ ಬರುತ್ತದೆ. ಮಗಳು ಕೇಕಿನ ಮೇಲೆ ಗೋಡಂಬಿ ಜೋಡಿಸುತ್ತಾಳೆ. ಮೂರು ಜೋಡಿಸಿದರೆ ಎರಡು ಬಾಯಿಗೆ.

ನನ್ನದೊಂದು ಕಟ್ಟಳೆ ಇದೆ. ಮನೆಯಲ್ಲಿ ಏನೇ ಬೇಯಿಸಿದರೂ ಮೊದಲ ತುಂಡು ಬಂಗಾರು ತಿರುಪತಿಯ ವೆಂಕಟರಮಣನ ಪಟದ ಮುಂದೆ. ಮೊಟ್ಟೆ ಹಾಕದಿರುವುದು ಅದಕ್ಕೇ. ಅವನ ಮುಂದೆ ಇಡಲಾಗದ್ದನ್ನು ಬ್ಲಾಗಿಗೂ ಹಾಕುವುದಿಲ್ಲ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಅಭ್ಯಾಸವಾಗಿ ಬಂದದ್ದು ಆಮೇಲೆ ನಿಯಮವಾಯಿತು.

ಕೇಕಿನ ವಿಧಾನ ಕಷ್ಟದ್ದಲ್ಲ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಬೇಕು, ಇಲ್ಲದಿದ್ದರೆ ಹಸಿ ವಾಸನೆ ಉಳಿಯುತ್ತದೆ. ಅದರ ಅರ್ಧದಷ್ಟು ಗೋಧಿ ಹಿಟ್ಟು. ಬೆಲ್ಲ ಕರಗಿಸಿ ಸೋಸಿಕೊಳ್ಳಬೇಕು. ಗಟ್ಟಿ ಮೊಸರಿಗೆ ಸೋಡಾ ಹಾಕಿ ನೊರೆ ಎದ್ದಮೇಲೆ ಎಣ್ಣೆ, ಬೆಲ್ಲದ ನೀರು, ಹಿಟ್ಟು. ಬೇಯಿಸುವುದು ಮಾತ್ರ ದಪ್ಪ ತಳದ ದೊಡ್ಡ ಅಲ್ಯೂಮಿನಿಯಂ ಡೇಕ್ಸಾದಲ್ಲಿ. ಡೇಕ್ಸಾದ ತಳಕ್ಕೆ ಎರಡು ಬೆರಳು ದಪ್ಪ ಮರಳು, ಮರಳಿನ ಮೇಲೆ ಸಿಂಬೆಯಂಥ ಒಂದು ಕಬ್ಬಿಣದ ಬಳೆ, ಬಳೆಯ ಮೇಲೆ ಕೇಕಿನ ಪಾತ್ರೆ, ಮೇಲೆ ಮುಚ್ಚಳ. ಮರಳು ಕಾವನ್ನು ಹಿಡಿದುಕೊಂಡು ನಿಧಾನವಾಗಿ ಬಿಡುತ್ತದೆ. ನನ್ನ ಮರಳು ಮದುವೆಯಾದ ಹೊಸತರಲ್ಲಿ ಬೇತಮಂಗಲದ ಕಡೆಯ ಹಳ್ಳದಿಂದ ನಮ್ಮೆಜಮಾನರು ತಂದುಕೊಟ್ಟದ್ದು. ತೊಳೆದು, ಒಣಗಿಸಿ, ಕಾಯಿಸಿ ಕಾಯಿಸಿ ಎಳ್ಳಿನ ಹಾಗೆ ಕಪ್ಪಾಗಿತ್ತು.

ಆ ಮರಳಿನ ಕಥೆ ಎರಡನೇ ದಿನವೇ ಮುಗಿಯಿತು.

ಅಭ್ಯಾಸಕ್ಕೆ ಒಂದು ಕೇಕು ಮಾಡೋಣ ಅಂತ ಡೇಕ್ಸಾವನ್ನು ನೆಲಕ್ಕಿಳಿಸಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಮಗನ ಸದ್ದಿಲ್ಲ. ಮಕ್ಕಳ ಸದ್ದಿಲ್ಲ ಅಂದರೆ ತಾಯಂದಿರಿಗೆ ಗೊತ್ತಾಗುತ್ತದೆ. ತಿರುಗಿದರೆ ಡೇಕ್ಸಾದ ಮುಂದೆ ಚಡ್ಡಿ ಇಳಿಸಿಕೊಂಡು ನಿಂತಿದ್ದಾನೆ. ಮರಳಿನ ನಡುವೆ ಸಣ್ಣ ಬಾವಿಯಾಗಿತ್ತು.

“ಅಮ್ಮಾ, ನೋಡು, ಬೆಕ್ಕು ಮಾಡ್ದಂಗೆ” ಅಂದ. ಹಿತ್ತಿಲ ಬೆಕ್ಕು ಮಣ್ಣು ಕೆದರಿ ಮುಚ್ಚುವುದನ್ನು ನೋಡಿದ್ದ. ಕಾಲಲ್ಲಿ ಅಷ್ಟು ಮರಳನ್ನು ಮೇಲೆಳೆದು ಮುಚ್ಚಿಯೂ ಬಿಟ್ಟ.

ಸ್ಕೂಲಿನಿಂದ ಬಂದ ಮಗಳು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು. ತೊಳೆದರೆ ಆಗುತ್ತದೆ ಅಂತ ಯಾರಾದರೂ ಅನ್ನಬಹುದು. ಆದರೆ ಪಟದ ಮುಂದೆ ಇಡುವುದು ಅದರ ಮೇಲೆ ಬೇಯಬೇಕಲ್ಲ. ಮರಳು ತೆಂಗಿನ ಬುಡಕ್ಕೆ ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರು ಹಳ್ಳಿಗಳಿಂದ ಡೈರಿಗೆ ಹಾಲು ಸಾಗಿಸುವ ಗಾಡಿ ಓಡಿಸುತ್ತಾರೆ, ಸುತ್ತಲ ರಸ್ತೆಗಳೆಲ್ಲ ಗೊತ್ತು.

“ಈಗ ಮರಳೆಲ್ಲೈತೆ? ಎಲ್ಲಾ ಕಡೆ ಮಿಷನ್ ಮರಳೇ” ಅಂದರು. “ಕಲ್ಲು ಪುಡಿ ಮಾಡಿ ಮಾರ್ತಾರೆ. ಬೇಕಾದ್ರೆ ಒಂದ್ ಬಾಂಡ್ಲಿ ತತ್ತೀನಿ.”

ತಂದರು. ತೊಳೆದಷ್ಟೂ ಬಿಳಿ ನೀರೇ ಬಂತು. ಒಲೆಯ ಮೇಲಿಟ್ಟರೆ ಕಟ್ಟಡ ಕಟ್ಟುವ ಕಡೆಯ ಧೂಳಿನ ವಾಸನೆ. ಅದನ್ನೂ ಬಿಟ್ಟೆ. ಅಮ್ಮನಿಗೆ ಫೋನು ಮಾಡಿದೆ.

ನನ್ನ ತವರು ಕೆಜಿಎಫ್‌ನ ನಂದಿದುರ್ಗದ ಲೈನು ಮನೆ, ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ್ದು. ತಾತ ಗಣಿಯಲ್ಲಿದ್ದವರು. ಗಣಿ ಮುಚ್ಚಿದಮೇಲೂ ಅಮ್ಮ ಅದೇ ಎರಡು ಕೋಣೆಯಲ್ಲಿದ್ದಾಳೆ. ನಮ್ಮ ಲೈನಿನಲ್ಲಿ ಒಂದು ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ನಡೆದು ತಮಿಳಿನಲ್ಲಿ ಮುಗಿಯುತ್ತದೆ. ಅಮ್ಮನ ಮಾತೂ ಹಾಗೇ.

“ಮರಳು ತಾನೇ? ಪರವಾಯಿಲ್ಲ, ನಾನ್ ತತ್ತೀನಿ. ನೀನ್ ಯೋಚ್ನೆ ಮಾಡ್ಬೇಡ” ಅಂದಳು.

ಮಾರನೇ ದಿನವೇ ಬಂದಳು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಬಟ್ಟೆಯ ಚೀಲ, ಬಾಯಿಗೆ ಗಂಟು. ಬಿಚ್ಚಿದರೆ ಚಿರೋಟಿ ರವೆಯ ಹಾಗಿರುವ ಮರಳು. ಒಂದು ಕಲ್ಲಿಲ್ಲ, ಕಡ್ಡಿಯಿಲ್ಲ. ಬಣ್ಣ ಮಾತ್ರ ನಸು ಹಳದಿ, ಬೂದು ಬೂದು.

“ನೀನೇ ಬರ್ದಿದ್ದೀಯಲ್ಲ, ಯಾವ್ದಾದ್ರೂ ನುಣ್ಣಗಿರೋ ಮರಳು ಅಂತ. ಇದ್ಕಿಂತ ನೈಸು ಎಲ್ ಸಿಕ್ತೈತೆ ಏಳು” ಅಂದಳು ಅಮ್ಮ, ಹೆಮ್ಮೆಯಿಂದ.

ಖುಷಿಯಾಗಿಬಿಟ್ಟಿತು. ಅಮ್ಮ ಮೊಮ್ಮಕ್ಕಳನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ನಾನು ಮರಳು ಹರಡಿ, ಬಳೆ ಇಟ್ಟು, ಮುಚ್ಚಳ ಮುಚ್ಚಿ ಡೇಕ್ಸಾ ಕಾಯಲು ಬಿಟ್ಟೆ. ಒಂದಿಷ್ಟು ಹೊತ್ತಾದ ಮೇಲೆ ಬೆಂಕಿಕಡ್ಡಿ ಗೀರಿದಾಗ ಬರುತ್ತದಲ್ಲ, ಆ ಥರ ವಾಸನೆ. ಗ್ಯಾಸಿರಬೇಕು ಅಂದುಕೊಂಡು ಕಿಟಕಿ ತೆರೆದೆ. ಕೇಕು ಬೆಂದಿತು. ಹೇಗೆ ಬೆಂದಿತು ಅಂದರೆ, ಬ್ಲಾಗು ಶುರು ಮಾಡಿದಂದಿನಿಂದ ಅಂಥ ಕೇಕು ಬಂದಿರಲಿಲ್ಲ. ಮೇಲ್ಭಾಗ ನುಣುಪು, ಅಂಚು ಎಲ್ಲಿಯೂ ಕಪ್ಪಾಗಿಲ್ಲ, ಕಡ್ಡಿ ಚುಚ್ಚಿ ತೆಗೆದರೆ ಒಣಗಿದ ಕಡ್ಡಿಯೇ ಬಂತು. ಫೋಟೋ ತೆಗೆದುಕೊಂಡೆ. ತುಂಡು ಮಾಡಿದೆ. ಮೊದಲ ತುಂಡನ್ನು ತಟ್ಟೆಯಲ್ಲಿಟ್ಟುಕೊಂಡು ಪಟದ ಕಡೆ ಹೊರಟವಳು, ಹಿತ್ತಿಲ ಬಾಗಿಲಲ್ಲಿ ಅಮ್ಮ ಕಂಡಳಂತ ಸುಮ್ಮನೆ ಕೇಳಿದೆ.

“ಎಲ್ಲಿ ಸಿಕ್ತಮ್ಮ ಇಷ್ಟ್ ಚೆನ್ನಾಗಿರೋ ಮರಳು?”

“ಎಲ್ಲಂದ್ರೆ? ನಮ್ ಲೈನಿನ ಇಂದ್ಗಡೇನೇ. ಗುಡ್ಡದ ಬುಡದಾಗೆ. ಮಳೆ ಬಂದು ಇಳ್ದಿರ್ತೈತಲ್ಲ.”

ಕೆಜಿಎಫ್‌ನವರಿಗೆ ಗುಡ್ಡ ಅಂದರೆ ಒಂದೇ. ಸೈನೈಡ್ ಗುಡ್ಡ. ಗಣಿಯ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ನೀರಲ್ಲಿ ತೊಳೆದು ಚಿನ್ನ ತೆಗೆದುಕೊಂಡು, ಉಳಿದದ್ದನ್ನು ವರ್ಷಗಟ್ಟಲೆ ಸುರಿದು ಸುರಿದು ಆದ ಬೆಟ್ಟ. ಗಾಳಿಕಾಲದಲ್ಲಿ ಅದರ ಧೂಳು ಹಾರಿ ಬಂದರೆ ಕಣ್ಣು ಉರಿಯುತ್ತದೆ, ಬಟ್ಟೆ ಒಣಹಾಕುವಂತಿಲ್ಲ. ಹುಲ್ಲೂ ಸರಿಯಾಗಿ ಹುಟ್ಟದ ಮಣ್ಣು.

“ಅಮ್ಮಾ, ಅದು ಸೈನೈಡ್ ಗುಡ್ಡ.”

“ಆಮಾ, ಅದ್ಕೇನೀಗ? ಯಾವ್ ಕಾಲದ್ದು ಅದು. ಮಳೇಲಿ ಎಲ್ಲಾ ತೊಳ್ದು ಓಗೈತೆ. ನೀನು ಅದ್ರಾಗೇ ಜಾರ್ಬಂಡೆ ಆಡ್ಕಂಡು ಬೆಳ್ದಿಲ್ವಾ? ಸತ್ತಾ? ಇದ್ದೀಯಲ್ಲ ಗುಂಡ್ಕಲ್ ಇದ್ದಂಗೆ.”

ಅದೂ ನಿಜವೇ. ರಟ್ಟಿನ ಮೇಲೆ ಕೂತು ಜಾರಿದ್ದೆವು. ಕಣ್ಣೆದುರಿಗೇ ಹುಟ್ಟಿನಿಂದ ಇರುವ ಬೆಟ್ಟವನ್ನು ಯಾರು ವಿಷ ಅಂದುಕೊಳ್ಳುತ್ತಾರೆ? ಅಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಟ್ಟೆ ಹಿಡಿದುಕೊಂಡು ಪಟದ ಮುಂದೆ ಹೋಗಿ ನಿಂತೆ. ಕೈ ಮುಂದಕ್ಕೆ ಹೋಗಲಿಲ್ಲ. ಆ ಮಣ್ಣಿನಲ್ಲಿ ಈಗಲೂ ಏನಿದೆ, ಎಷ್ಟಿದೆ, ಕಾಯಿಸಿದರೆ ಏನು ಏಳುತ್ತದೆ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವನ ಮುಂದೆ ಇಡುವುದು ಹೇಗೆ? ಅವನ ಮುಂದೆ ಇಡಲಾಗದ್ದನ್ನು ಮಗಳ ಕೈಗೆ ಕೊಡುವುದು ಹೇಗೆ? ಅವಳಾಗಲೇ ಸೆರಗು ಎಳೆಯುತ್ತಿದ್ದಳು.

“ಅಮ್ಮಾ, ಸಾಮಿಗಿಟ್ಟಾಯ್ತಾ? ನಂಗೀಗ?”

“ಇದು ಬೇಡ ಪುಟ್ಟಿ. ಬೇರೆ ಮಾಡ್ತೀನಿ.”

ಅವಳು ಅತ್ತಳು. ಅಂಥ ಕೇಕನ್ನು ಕಂಡು ಅತ್ತದ್ದರಲ್ಲಿ ತಪ್ಪೇನಿಲ್ಲ. ನಮ್ಮ ಮನೆಯಲ್ಲಿ ಕೆಟ್ಟ ಕೇಕೆಲ್ಲ ಹಸುವಿಗೆ ಹೋಗುತ್ತದೆ. ಇದನ್ನು ಹಸುವಿಗೂ ಹಾಕಲಿಲ್ಲ. ಯಜಮಾನರು ಗುಂಡಿ ತೋಡಿ ಮುಚ್ಚಿದರು.

ಇಷ್ಟಕ್ಕೇ ಮುಗಿದಿದ್ದರೆ ಬೇರೆ ಕಡೆಯಿಂದ ಮರಳು ತರಿಸಿಕೊಂಡು ಗುರುವಾರ ಕಳೆಯುತ್ತಿದ್ದೆನೇನೋ. ಅಮ್ಮ ಕಾಫಿ ಕುಡಿಯುತ್ತಾ ಇನ್ನೊಂದು ಮಾತು ಹೇಳಿದಳು.

“ನಾನೊಬ್ಳೇ ಅಲ್ಲ ಕಣೇ. ಎದುರು ಮನೆ ಅಕ್ಕಾನೂ ಒಂದ್ ಬಕೆಟ್ ತುಂಬ್ಕಂಡವ್ಳೆ. ಭಾನ್ವಾರ ಮೊಮ್ಮಗಳ ಉಟ್ಟಿದಬ್ಬ. ನೀನ್ ಬರ್ದಿದ್ದನ್ನ ನಾನೇ ಓದಿ ಏಳ್ದೆ.”

‘ಯಾವುದಾದರೂ ನುಣ್ಣನೆಯ ಮರಳು’ ಅಂತ ಬರೆಯುವಾಗ ನನ್ನ ಮನಸ್ಸಲ್ಲಿದ್ದದ್ದು ಹಳ್ಳದ ಮರಳು. ನನ್ನ ಬ್ಲಾಗು ಓದುವವರಲ್ಲಿ ಓವನ್ನಿಲ್ಲದ ನಮ್ಮ ಕಡೆಯ ಹೆಂಗಸರೇ ಹೆಚ್ಚು. ಕೆಜಿಎಫ್‌ನ ಕೋರಮಂಡಲ್‌ನವರೂ ಇದ್ದಾರೆ, ನಂದಿದುರ್ಗದವರೂ ಇದ್ದಾರೆ. ಅವರಿಗೆ ಮರಳು ಅಂದರೆ ಮನೆಯ ಹಿಂದೆ ಕೈಗೆ ಸಿಗುವುದು ಅದೇ.

“ಈಗ್ಲೇ ಅವ್ರಿಗೆ ಫೋನ್ ಮಾಡಮ್ಮ” ಅಂದೆ.

ಅಮ್ಮ ಗೊಣಗಿಕೊಂಡೇ ಮಾಡಿದಳು. ಅತ್ತ ಕಡೆಯಿಂದ ಅಕ್ಕನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. “ಎನ್ನಮ್ಮಾ ಇದು, ನಿನ್ ಮಗಳೇ ಆಕು ಅಂತಾಳೆ, ನಿನ್ ಮಗಳೇ ಬೇಡ ಅಂತಾಳೆ. ಮಗೀಗೆ ಕೇಕ್ ಅಂತ ಏಳ್ಬಿಟ್ಟಿದ್ದೀನಿ. ಈಗ ಏನ್ ಮಾಡ್ಲಿ ನಾನು?”

ಫೋನು ತೆಗೆದುಕೊಂಡೆ. “ಅಕ್ಕಾ, ಶನ್ವಾರ ಸಾಯಂಕಾಲದೊಳ್ಗೆ ಮರಳಿಲ್ದೆ ಮಾಡೋದನ್ನ ಏಳ್ಕೊಡ್ತೀನಿ. ಆ ಬಕೆಟ್ ಮಾತ್ರ ಮುಟ್ಬೇಡಿ” ಅಂದೆ. ಮರಳಿಲ್ಲದೆ ಮಾಡುವುದು ಹೇಗೆಂದು ನನಗೇ ಗೊತ್ತಿರಲಿಲ್ಲ.

ಅಮ್ಮ ಸಂಜೆ ಬಸ್ಸಿಗೆ ಹೊರಟಾಗ ಅದೇ ಚೀಲಕ್ಕೆ ಮರಳು ತುಂಬಿ ಗಂಟು ಹಾಕಿಕೊಂಡಳು. ನಮ್ಮ ಹಿತ್ತಿಲಲ್ಲಿ ಸುರಿಯಲು ನಾನು ಬಿಡಲಿಲ್ಲ. “ತಂದೋಳೂ ನಾನೇ, ಒತ್ಕಂಡು ಓಗೋಳೂ ನಾನೇ. ಮಗಳ ಮನೇಗ್ ಬಂದು ಮಣ್ಣು ಒತ್ಕಂಡು ಓದೋಳು ನಾನೊಬ್ಳೇ ಇರ್ಬೇಕು” ಅಂದಳು. ಬಸ್ಸು ಹತ್ತುವವರೆಗೂ ಅಂದಳು. ಹತ್ತಿದಮೇಲೆ ಕಿಟಕಿಯಿಂದ ಕೈಚಾಚಿ ನನ್ನ ಕೆನ್ನೆ ಮುಟ್ಟಿದಳು.

ಅಂದೇ ಎರಡು ಕೆಲಸ ಮಾಡಿದೆ. ಬ್ಲಾಗಿನ ಮರಳಿನ ಕೇಕಿನ ಪುಟದ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬರೆದೆ: ಈ ವಿಧಾನ ನಿಲ್ಲಿಸಿದ್ದೇನೆ, ಗುಡ್ಡದ ಮಣ್ಣನ್ನು ಯಾರೂ ಅಡುಗೆಗೆ ಬಳಸಬೇಡಿ, ಹೊಸ ವಿಧಾನ ಹಾಕುತ್ತೇನೆ. ಆಮೇಲೆ ಕಂಪನಿಯ ಹೆಣ್ಣುಮಗಳಿಗೆ ಫೋನು ಮಾಡಿದೆ.

“ಮೇಡಂ, ಮರಳಲ್ಲಿ ಮಾಡೋದು ಬೇಡ.”

“ಯಾಕೆ? ಮರಳೇ ಅಲ್ವಾ ಇದರಲ್ಲಿ ಇರೋ ವಿಶೇಷ? ಹೆಸರೂ ಅದೇ ಇಟ್ಟಿದ್ದೀವಿ.”

ನಡೆದದ್ದನ್ನೆಲ್ಲ ಹೇಳಿದೆ. ಆಕೆ ತಾಳ್ಮೆಯಿಂದ ಕೇಳಿದಳು. “ಒಂದು ಕೆಲಸ ಮಾಡಬಹುದಲ್ಲ” ಅಂದಳು. “ನಿಮಗೆ ಒಳ್ಳೆ ಮರಳು ನಾವೇ ತಂದುಕೊಡ್ತೀವಿ. ‘ಶುದ್ಧ ಮರಳು ಬಳಸಿ’ ಅಂತ ಕೆಳಗೆ ಹಾಕೋಣ.”

“ಓದೋರಿಗೆ ಅಕ್ಷರ ಕಾಣ್ತದೆ ಮೇಡಂ, ನೋಡೋರಿಗೆ ಮರಳೇ ಕಾಣೋದು. ನಮ್ಮೋರು ನೋಡಿ ಕಲೀತಾರೆ.”

“ಮೇಲಿನೋರನ್ನ ಕೇಳ್ತೀನಿ. ಕ್ಯಾನ್ಸಲ್ ಆದ್ರೂ ಆಗಬಹುದು. ಮೊದಲೇ ಹೇಳಿರ್ತೀನಿ, ಬೇಜಾರು ಮಾಡ್ಕೋಬೇಡಿ.”

“ಆಗ್ಲಿ ಮೇಡಂ” ಅಂದೆ.

ಅಂದದ್ದು ಸುಲಭ. ಫೋನಿಟ್ಟ ಮೇಲೆ ಒಮ್ಮೆ ತೊಳೆದಿದ್ದ ಅಕ್ಕಿಯನ್ನು ಮತ್ತೆ ತೊಳೆದೆ, ಮತ್ತೆ ತೊಳೆದೆ. ಅತ್ತೆ ನೋಡಿ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಲೆಗಿಟ್ಟರು. ಅದೂ ಒಂದು ದಯೆ ಅಂತ ಆಮೇಲೆ ಎಣಿಸಿಕೊಂಡೆ.

ಈಗ ಕೇಕಿನ ಕೆಲಸ. ಡೇಕ್ಸಾ, ಬಳೆ, ಕೇಕಿನ ಪಾತ್ರೆ ಮೂರನ್ನೂ ನಾಲ್ಕು ನೀರಲ್ಲಿ ಉಜ್ಜಿ ತೊಳೆದುಕೊಂಡೆ. ಮೊದಲು ಕಲ್ಲುಪ್ಪು. ಮರಳಿನ ಬದಲು ಉಪ್ಪು ಹಾಕುವವರು ಬಹಳ ಜನ ಇದ್ದಾರೆ. ಕಾದ ಉಪ್ಪು ಪಟಪಟ ಸಿಡಿದು ಮುಚ್ಚಳಕ್ಕೆ ಬಡಿಯಿತು. ಮಗ ಪಟಾಕಿ ಅಂದುಕೊಂಡು ಕುಣಿದ. ಕಾವು ಬೇಗ ಏರಿ ತಳ ಕಪ್ಪಾಯಿತು, ನಡುವೆ ಹಸಿ. ಹಸುವಿಗೆ ಹಬ್ಬ. ಬೆಳಿಗ್ಗೆ ಡೇಕ್ಸಾ ತೊಳೆಯಲು ಹೋದರೆ ತಳದಲ್ಲಿ ಬಿಳಿ ಚುಕ್ಕೆಗಳು, ಸಣ್ಣ ಸಣ್ಣ ಗುಳಿ. ಉಪ್ಪು ಅಲ್ಯೂಮಿನಿಯಂ ತಿಂದಿತ್ತು. ಅಲ್ಲಿಗೆ ಉಪ್ಪನ್ನು ಬಿಟ್ಟೆ. ಆಮೇಲೆ ಏನೂ ಹಾಕದೆ, ಬರೀ ಬಳೆ ಇಟ್ಟು ನೋಡಿದೆ. ತಳ ಮತ್ತೆ ಸೀದಿತು. ಸಂಜೆಯ ಹೊತ್ತಿಗೆ ಹಸು ನನ್ನ ಹೆಜ್ಜೆಯ ಸದ್ದು ಕೇಳಿದರೇ ಕತ್ತು ಚಾಚುತ್ತಿತ್ತು.

“ನೀನ್ ಸೋತಷ್ಟೂ ಇದ್ರ ಆಲು ಸಿಹಿ” ಅಂದರು ಯಜಮಾನರು. ಮಗಳು ನಗುವುದನ್ನು ನೋಡಿ ನನಗೂ ನಗು ಬಂತು.

ಶುಕ್ರವಾರ ಬೆಳಿಗ್ಗೆ ಅತ್ತೆ ಬೆಣ್ಣೆ ಕಾಯಿಸುತ್ತಿದ್ದರು. ತುಪ್ಪ ತಳ ಹಿಡಿಯಬಾರದು ಅಂತ ಅವರು ಒಲೆಯ ಮೇಲೆ ಮೊದಲು ರೊಟ್ಟಿಯ ಕಬ್ಬಿಣದ ಹಂಚಿಟ್ಟು, ಅದರ ಮೇಲೆ ಪಾತ್ರೆ ಇಡುತ್ತಾರೆ. ದಿನಾ ನೋಡಿದ್ದೇ. ಆ ದಿನ ಅದರ ಪಕ್ಕದಲ್ಲೇ ಮಗಳ ಜಡೆ ಹೆಣೆಯುತ್ತಿದ್ದವಳು, ಜಡೆಯನ್ನು ಅರ್ಧಕ್ಕೇ ಬಿಟ್ಟು ನೋಡಿದೆ. ಮರಳು ಮಾಡುತ್ತಿದ್ದದ್ದು ಉರಿಗೂ ಕೇಕಿಗೂ ನಡುವೆ ನಿಂತುಕೊಳ್ಳುವುದನ್ನೇ ಅಲ್ಲವೇ. ಅದು ಡೇಕ್ಸಾದ ಒಳಗೇ ಇರಬೇಕು ಅಂತ ಯಾರು ಹೇಳಿದರು?

“ಅಮ್ಮಾ, ನನ್ ಜಡೆ” ಅಂದಳು ಮಗಳು.

ಅಂದು ಅವಳು ಒಂದೇ ಜಡೆಯಲ್ಲಿ ಸ್ಕೂಲಿಗೆ ಹೋದಳು. ನಾನು ಹಂಚು ಒಲೆಗೇರಿಸಿ, ಅದರ ಮೇಲೆ ಖಾಲಿ ಡೇಕ್ಸಾ, ಒಳಗೆ ಬಳೆ ಇಟ್ಟು ಮೊದಲು ದೊಡ್ಡ ಉರಿಯಲ್ಲಿ ಚೆನ್ನಾಗಿ ಕಾಯಿಸಿದೆ. ಕೇಕಿನ ಪಾತ್ರೆ ಇಳಿಸಿದ ಮೇಲೆ ಉರಿ ಸಣ್ಣಗೆ. ಮರಳಿಗಿಂತ ನಿಧಾನ. ಮುಕ್ಕಾಲು ಗಂಟೆಯದ್ದು ಒಂದು ಗಂಟೆ ದಾಟಿತು. ತೆಗೆದರೆ ತಳ ಸೀದಿರಲಿಲ್ಲ, ಕಂದು ಬಣ್ಣ. ಆದರೆ ಮೇಲ್ಭಾಗ ಅಂಟಂಟು. ಮುಚ್ಚಳದಿಂದ ನೀರು ತೊಟ್ಟಿಕ್ಕಿತ್ತು. ಶನಿವಾರ ಬೆಳಿಗ್ಗೆ ಮುಚ್ಚಳಕ್ಕೆ ಹತ್ತಿಯ ಬಟ್ಟೆ ಬಿಗಿದು, ತುದಿಗಳು ಉರಿಗೆ ತಾಗದಂತೆ ಮೇಲೆ ಗಂಟು ಹಾಕಿ, ಗಂಟಿನ ಮೇಲೆ ಕುಟ್ಟಾಣಿ ಹೇರಿದೆ. ಮುಚ್ಚಳ ತೆಗೆದಾಗ ನಡುವೆ ಒಂದು ಬಿರುಕು, ಅಷ್ಟೇ. ಮೊದಲ ತುಂಡು ಪಟದ ಮುಂದೆ ಇಟ್ಟೆ. ಕೈ ತಡೆಯಲಿಲ್ಲ.

ಎದುರು ಮನೆ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದನ್ನೂ ತೋರಿಸಿಕೊಟ್ಟೆ. ಭಾನುವಾರ ಫೋಟೋ ಬಂತು. ಅವರ ಕೇಕು ಒಂದು ಕಡೆಗೆ ವಾಲಿತ್ತು, ಮೇಲೆ ಮೇಣದಬತ್ತಿಯೂ ವಾಲಿತ್ತು. ಹಿಂದೆ ನಿಂತ ಮಗುವಿನ ನಗು ಮಾತ್ರ ನೆಟ್ಟಗಿತ್ತು. ಕೆಳಗೆ ಅಕ್ಕನ ದನಿ: “ಬಕೆಟ್ ಮಣ್ಣು ಎಲ್ಲಿಂದ ತಂದ್ನೋ ಅಲ್ಲೇ ಸುರ್ದೆ ಕಣಮ್ಮ. ಕೈ ನೋಯ್ತೈತೆ. ಅದ್ಕೂ ನೀನೇ ಜವಾಬ್ದಾರಿ.”

ಕಂಪನಿಯಿಂದ ಸೋಮವಾರವೂ ಉತ್ತರವಿಲ್ಲ. ಮಂಗಳವಾರವೂ ಇಲ್ಲ. ನಾನು ಆಸೆ ಬಿಟ್ಟೆ ಅಂತ ಹೇಳಲಾರೆ, ಆದರೆ ಅದನ್ನು ಮಡಚಿ ಒಳಗಿಟ್ಟೆ. ಬುಧವಾರ ಸಂಜೆ ಸಂದೇಶ ಬಂತು. ‘ನಾಳೆ ಬರುತ್ತೇವೆ. ಮರಳಿಲ್ಲದೆಯೇ ಮಾಡಿ. ಕೇಕು ಚೆನ್ನಾಗಿ ಬಂದರೆ ಮಾತ್ರ ಹಾಕುತ್ತೇವೆ.’

ಗುರುವಾರ ಬೆಳಗಿನ ರೈಲಿಗೆ ಆ ಹೆಣ್ಣುಮಗಳೂ ಕ್ಯಾಮೆರಾದವರೊಬ್ಬರೂ ಬಂದರು. ಅವರು ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ಮಗನಿಗೆ ಮೂಗು ಸೋರತೊಡಗಿತು. ಅವನು ನನ್ನ ಸೊಂಟ ಬಿಟ್ಟು ಇಳಿಯಲೊಲ್ಲ. ಕ್ಯಾಮೆರಾದವರು, “ಮಗೂನ ಯಾರಾದ್ರೂ ಎತ್ಕೊಂಡ್ರೆ ಚೆನ್ನಾಗಿರುತ್ತೆ” ಅಂದರು. ಅತ್ತೆ ಕೈಚಾಚಿದರು. ಅವನು ಮನೆ ಹಾರಿಹೋಗುವ ಹಾಗೆ ಕಿರುಚಿದ.

“ಇವ್ನು ಇರ್ಲಿ ಬಿಡಿ” ಅಂದೆ. “ನಾನು ದಿನಾ ಮಾಡೋದೇ ಇಂಗೆ. ನೋಡೋರ ಮನೇಲೂ ಇಂಗೇ ಇರ್ತದೆ.”

ಆಕೆ ನಕ್ಕು ತಲೆಯಾಡಿಸಿದಳು. ಬೆಳಕಿಗೆ ನನ್ನ ಪೂರ್ವದ ಕಿಟಕಿ ಇತ್ತು. ಉರಿಗೆ ಗ್ಯಾಸಿತ್ತು. ಸೊಂಟದ ಮೇಲೆ ಮಗನನ್ನಿಟ್ಟುಕೊಂಡು ಒಂದೇ ಕೈಯಲ್ಲಿ ಹಿಟ್ಟು ಕಲಸಿದೆ. ಹಂಚು, ಡೇಕ್ಸಾ, ಬಳೆ, ಬಟ್ಟೆ ಕಟ್ಟಿದ ಮುಚ್ಚಳ. ಕ್ಯಾಮೆರಾ ನೋಡಿಕೊಂಡು ಮರಳಿನ ವಿಷಯವನ್ನೂ ಹೇಳಿದೆ. ಮೊದಲು ಮರಳು ಹಾಕುತ್ತಿದ್ದೆ, ಈಗ ಹಾಕುವುದಿಲ್ಲ, ನಮ್ಮ ಕೆಜಿಎಫ್‌ನ ಅಕ್ಕತಂಗಿಯರು ಗುಡ್ಡದ ಮಣ್ಣನ್ನು ಅಡುಗೆಮನೆಗೆ ತರಬೇಡಿ. ಅಷ್ಟೇ ಹೇಳಿದ್ದು. ಯಾರು ತಂದರು, ಏನಾಯಿತು, ಅದನ್ನು ಹೇಳಲಿಲ್ಲ. ಅಮ್ಮ ಅದನ್ನು ನೋಡುತ್ತಾಳಲ್ಲ.

ಆಮೇಲಿನ ಒಂದು ಗಂಟೆ ಮಗಳದ್ದೇ ಮಾತು. ರಜೆ ಹಾಕಿಸಿಕೊಂಡಿದ್ದಳು. ಬಂದವರಿಗೆ ತಮ್ಮನ ಬೆಕ್ಕಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ, ಅಭಿನಯದ ಸಮೇತ ಹೇಳಿದಳು. ತಡೆಯಲು ನನ್ನ ಕೈಯಲ್ಲಾಗಲಿಲ್ಲ.

ಮುಚ್ಚಳ ತೆಗೆಯುವಾಗ ವೆಂಕಟರಮಣನ ಹೆಸರು ಹೇಳಿಕೊಂಡೆ. ಹಬೆ ಹೋಯಿತು. ಕೇಕು ಡೇಕ್ಸಾದೊಳಗೆ ಸುಮ್ಮನೆ ಕೂತಿತ್ತು, ಉಬ್ಬಿ, ನಡುವೆ ಅದೇ ಒಂದು ಬಿರುಕು. ತಟ್ಟೆಗೆ ಮಗುಚಿದರೆ ಅಂಟದೆ ಬಂತು. ಮೊದಲ ತುಂಡನ್ನು ಪಟದ ಮುಂದೆ ಇಟ್ಟು, ಎರಡನೆಯದನ್ನು ಮಗಳಿಗೆ ಕೊಟ್ಟೆ. ಕ್ಯಾಮೆರಾದವರು ಎರಡನ್ನೂ ವಿಡಿಯೋ ತೆಗೆದುಕೊಂಡರು. ಆಮೇಲೆ ಕ್ಯಾಮೆರಾ ಪಕ್ಕಕ್ಕಿಟ್ಟು ಮೂರನೆಯದನ್ನು ತಾವೇ ತಿಂದರು, ನಾಲ್ಕನೆಯದನ್ನು ಕೇಳಿ ಹಾಕಿಸಿಕೊಂಡರು.

ರೈಲಿಗೆ ಹೊರಡುವಾಗ ಆ ಹೆಣ್ಣುಮಗಳು, “ಮಣ್ಣಿನ ಮಾತು ಉಳಿಯುತ್ತೋ ಇಲ್ವೋ ಹೇಳಕ್ಕಾಗಲ್ಲ. ನನ್ನ ಕೈಲಾಗೋಷ್ಟು ಮಾಡ್ತೀನಿ” ಅಂದಳು.

ಹತ್ತಾರು ದಿನ ಕಳೆದಮೇಲೆ ವಿಡಿಯೋ ಬಂತು. ಹೆಸರು ಬದಲಾಗಿತ್ತು: ಹಂಚಿನ ಮೇಲೆ ರಾಗಿ ಕೇಕು. ಮಗನ ಸೋರುವ ಮೂಗು ಇತ್ತು. ಮಣ್ಣಿನ ಮಾತು ಪೂರ್ತಿಯಾಗಿ ಇತ್ತು. ಜೊತೆಗೆ ಒಂದು ಸಂದೇಶ: ತಿಂಗಳಿಗೊಂದು ಅಡುಗೆ ಖಾಯಂ, ಮುಂದಿನದಕ್ಕೆ ನವಣೆ. ಕೆಳಗೆ ಬಂದ ಮಾತುಗಳಲ್ಲಿ ಕೋರಮಂಡಲ್‌ನ ಒಬ್ಬ ತಾಯಿ ಬರೆದಿದ್ದರು. ಅವರ ಮನೆಯಲ್ಲೂ ಒಂದು ಡಬ್ಬ ತುಂಬಿಟ್ಟಿದ್ದರಂತೆ, ಇದನ್ನು ನೋಡಿ ಹೊರಗೆ ಹಾಕಿದರಂತೆ. ಆ ಒಂದು ಸಾಲನ್ನು ನಾನು ಪಟದ ಮುಂದೆ ನಿಂತು ಓದಿದೆ. ಕೇಳಿದ್ದು ಒಂದು, ಕೊಟ್ಟದ್ದು ಎರಡು.

ಮಧ್ಯಾಹ್ನ ಮಗ ಮಲಗಿದ್ದ. ನವಣೆಯ ಬಗ್ಗೆ ಬರೆದುಕೊಳ್ಳುತ್ತಾ ಒಳಗೆ ಕೂತಿದ್ದೆ. ಹೊರಗೆ ಅತ್ತೆಯ ಫೋನು ಬಡಿದುಕೊಂಡಿತು. ಅವರ ತಂಗಿ, ಬೇತಮಂಗಲದಿಂದ. ನನ್ನನ್ನು ಕೇಳಿರಬೇಕು.

“ಒಳಗವ್ಳೆ” ಅಂದರು ಅತ್ತೆ. ನಾನು ಮುಂದಿನ ಮಾತಿಗೆ ಕಾದೆ. ಅದು ನನಗೆ ಬಾಯಿಪಾಠವಾಗಿತ್ತು.

“ಕೆಲ್ಸ ಮಾಡ್ತಾವ್ಳೆ. ಆಮೇಲ್ ಮಾಡು.”

ಅಷ್ಟು ಹೇಳಿ ಫೋನಿಟ್ಟರು. ಇಟ್ಟ ಗಳಿಗೆಯಲ್ಲೇ ಬೀದಿಯ ನಲ್ಲಿ ಕೆಮ್ಮಿತು. ಎಷ್ಟೋ ದಿನಕ್ಕೆ ನೀರು ಬಿಟ್ಟಿದ್ದರು. ಅತ್ತೆ ಆಗಲೇ ಎರಡು ಬಿಂದಿಗೆ ಎತ್ತಿಕೊಂಡು ಬಾಗಿಲು ದಾಟಿದ್ದರು. ನಾನು ಫೋನು ಕಿಟಕಿಯ ಮೇಲಿಟ್ಟು, ಸೆರಗು ಸಿಕ್ಕಿಸಿ, ಉಳಿದ ಬಿಂದಿಗೆಗಳನ್ನು ಎತ್ತಿಕೊಂಡು ಅವರ ಹಿಂದೆ ಹೋದೆ.